ನದಿ ನೀರು ಬೆಳ್ಳಗಾಯ್ತು, ಚಪ್ಪಾಳೆ ಬಿತ್ತು

ವಿಶ್ವ ನದಿ ದಿನ ಸೆಪ್ಟೆಂಬರ್‌ನ ನಾಲ್ಕನೇ ಭಾನುವಾರ. 2005ರಿಂದ ಆಚರಿಸಿಕೊಂಡು ಬಂದಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರೋದು ನದಿ ಬಗ್ಗೆ ಅರಿವು ಕಾರ್ಯಕ್ರಮ ಮಾಡೋ ನಮ್ಮ ಆಫೀಸಿನ ಮೇಲೆ. ಬೆಂಗಳೂರು ಸೀಮೆಯಲ್ಲಿ ಸೆಪ್ಟೆಂಬರ್ ಅಂದರೆ ಮಳೆ ಜೋರಾಗಿ ಹಿಡಿಯೋ ತಿಂಗಳು. ಬೆಂಗಳೂರಿನ ಕೊಳಕು ಹೊತ್ತು ಹರಿಯೋ ವೃಷಭಾವತಿ ಹೊಳೆ ಎರಡೂ ದಡ ಮುಟ್ಟಿ ಹರಿದು, ಕೊಳಕು ತೆಳುವಾಗಿ, ವಾಸನೆ ತಗ್ಗಿ, ವರ್ಷದಲ್ಲಿ ಒಂದಿಷ್ಟು ಲಕ್ಷಣವಾಗಿ ಕಾಣೋದು ಆಗಲೇ. ಸರಿಯಾಗಿ ಆ ಹೊತ್ತಿಗೆ ಹೋಗಿ ‘ನದಿ ಉಳಿಸಿ’ ಬ್ಯಾನರ್ ಕಟ್ಟಬೇಕು. ಬೇಸಿಗೆಗೆ ಇಟ್ಟುಕೊಳ್ಳೋಣ ಅಂತ ಪ್ರತಿ ಪ್ಲಾನಿಂಗ್ ಮೀಟಿಂಗ್‌ನಲ್ಲೂ ಹೇಳ್ತೀನಿ. ಮಾರ್ಚ್‌ಗೆ ಯುಸಿ, ಅಂದರೆ ಫಂಡ್ ಖರ್ಚಾದ ಸರ್ಟಿಫಿಕೇಟ್, ಕೊಡಬೇಕು, ಏಪ್ರಿಲ್‌ನಲ್ಲಿ ಹೊಸ ಫಂಡ್ ಬಂದಿರಲ್ಲ, ಮೇ ತಿಂಗಳು ಸ್ಕೂಲ್ ರಜೆ. ಹೀಗಾಗಿ ಮತ್ತೆ ಸೆಪ್ಟೆಂಬರ್.

ನಾನು ಹೇಳ್ತಿರೋ ವರ್ಷ ಹಿಂದಿನ ವಾರವೆಲ್ಲ ಮಳೆ ಕೈಕೊಟ್ಟಿತ್ತು. ನದಿ ತನ್ನ ನಿಜರೂಪದಲ್ಲೇ ಇತ್ತು. ಬಿಡದಿ ಆಚೆ, ಬೈರಮಂಗಲ ಕೆರೆಗೆ ಹೊಳೆ ಬಂದು ಸೇರೋ ಕಡೆಯ ಒಂದೂರು. ಶಾಲೆ ಎದುರಿಗೆ ಶಾಮಿಯಾನ, ಸ್ವಾಗತ, ಗಿಡಕ್ಕೆ ನೀರೆರೆಯೋದು, ಜಿಯೋಟ್ಯಾಗ್ ಫೋಟೊ. ಭಾಷಣ ಕೇಳಿ ಜನ ಆಕಳಿಸೋದನ್ನ ನೋಡಿ ನೋಡಿ ಬೇಜಾರಾಗಿತ್ತು, ಅದಕ್ಕೇ ಈ ಸಲ ಡೆಮೊ ಮಾಡೋಣ ಅಂತ ನಾನೇ ಹಟ ಹಿಡಿದು ಡಿಓ ಕಿಟ್ ತರಿಸಿದ್ದೆ. ನೀರಿನಲ್ಲಿ ಕರಗಿರೋ ಆಮ್ಲಜನಕ ಅಳೆಯೋ ವಿಂಕ್ಲರ್ ವಿಧಾನದ್ದು. ಬಿಓಡಿ, ಅಂದರೆ ನೀರಲ್ಲಿರೋ ಕೊಳಕು ಕೊಳೆಯೋಕೆ ಎಷ್ಟು ಆಮ್ಲಜನಕ ತಿನ್ನುತ್ತೆ ಅನ್ನೋದನ್ನ ತೋರಿಸೋಕೆ ಆಗಲ್ಲ, ಅದಕ್ಕೆ 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಅಷ್ಟು ದಿನ ಶಾಮಿಯಾನದ ಬಾಡಿಗೆ ಯಾರು ಕಟ್ಟೋದು?

ಮೇಜಿನ ಮೇಲೆ ಎರಡು ಬಾಟಲಿ. ಒಂದರಲ್ಲಿ ಹೊಳೆ ನೀರು. ಹೋಲಿಕೆಗೆ ಇರಲಿ ಅಂತ ಇನ್ನೊಂದರಲ್ಲಿ ಅದೇ ಊರಿನ ನಲ್ಲಿ ನೀರು. ಬೆಳಿಗ್ಗೆ ನೀರುಗಂಟಿಯೇ ತುಂಬಿಸಿಕೊಟ್ಟಿದ್ದ. ಹೊರಗಿಂದ ಒಂದು ಬಾಟಲಿ ನೀರು ತಂದಿದ್ದರೆ ಮುಂದಿನ ರಾದ್ಧಾಂತವೇ ಇರ್ತಿರಲಿಲ್ಲ.

ಎರಡಕ್ಕೂ ಮ್ಯಾಂಗನೀಸ್ ಸಲ್ಫೇಟ್ ಹಾಕಿದೆ, ಆಲ್ಕಲಿ ಅಯೊಡೈಡ್ ಹಾಕಿದೆ, ಮುಚ್ಚಳ ಬಿಗಿದು ತಲೆಕೆಳಗು ಮಾಡಿದೆ. ಆಮ್ಲಜನಕ ಇದ್ದರೆ ಕಂದು ಗಷ್ಟು ಕಟ್ಟುತ್ತೆ, ಇಲ್ಲದಿದ್ದರೆ ಬೆಳ್ಳಗೆ. ನಲ್ಲಿ ನೀರು ಕಂದಾಯ್ತು. ಹೊಳೆ ನೀರು ಅಚ್ಚ ಬಿಳಿ. ಆಮ್ಲಜನಕವೇ ಇಲ್ಲ ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸೋಕೆ ಆಗಲ್ಲ. ಬಾಟಲಿ ಎತ್ತಿ ಹಿಡಿದು, ಜನ ಬೆಚ್ಚಿಬೀಳಲಿ ಅಂತ ಒಂದು ಕ್ಷಣ ಬಿಟ್ಟೆ.

ಚಪ್ಪಾಳೆ ಬಿತ್ತು. ಮೊದಲು ಮಕ್ಕಳದ್ದು, ಆಮೇಲೆ ಎಲ್ಲರದ್ದೂ.

“ನೋಡ್ದಾ, ನಮ್ ಹೊಳೆ ನೀರು ಹಾಲ್ ಇದ್ದಂಗದೆ” ಅಂದಳು ಮುಂದಿನ ಸಾಲಿನ ಒಬ್ಬ ಅಜ್ಜಿ. ಪಕ್ಕದವಳ ಕಣ್ಣು ಕಂದು ಬಾಟಲಿ ಮೇಲೆ. “ಅದ್ಯಾವುದವ್ವ?” “ನಲ್ಲೀದಂತೆ ಕನೇ.” ಅಲ್ಲಿಗೆ ಗುಸುಗುಸು ಶುರು. ಇಲ್ಲಾ, ಉಲ್ಟಾ ಅರ್ಥ ಮಾಡ್ಕೊಂಡಿದೀರ, ಬಿಳಿ ಅಂದ್ರೆ ಕೆಟ್ಟದ್ದು ಅಂತ ನಾನು ಮೈಕ್‌ನಲ್ಲಿ ಕೂಗಿದೆ. ಬಿಳಿ ಬಣ್ಣ ಕೆಟ್ಟದ್ದು ಅಂತ ಒಂದು ಊರನ್ನು ಎರಡು ನಿಮಿಷದಲ್ಲಿ ಒಪ್ಪಿಸೋಕೆ ಹೋದವರಿಗೆ ಗೊತ್ತು ಆ ಕಷ್ಟ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಪರೀಕ್ಷೆ ಪೂರ್ತಿ ಮುಗಿಸಿದರೆ ತಾನಾಗೇ ಅರ್ಥ ಆಗುತ್ತೆ ಅನ್ನೋ ಭಂಡ ಧೈರ್ಯ. ಆಸಿಡ್ ಹಾಕಿದೆ. ಗಷ್ಟು ಕರಗಿ ಹೊಳೆ ಬಾಟಲಿ ತಿಳಿಯಾಯ್ತು, ನಲ್ಲಿ ಬಾಟಲಿ ಹಳದಿಯಾಯ್ತು. ಸ್ಟಾರ್ಚ್ ಹಾಕಿದೆ. ನಲ್ಲಿ ನೀರು ಕಡುನೀಲಿಗೆ ತಿರುಗಿತು, ಹೊಳೆ ನೀರು ಹಾಗೇ ಇತ್ತು. ಇನ್ನು ಥಯೋಸಲ್ಫೇಟ್ ಹನಿ ಹನಿ ಬಿಟ್ಟು, ನೀಲಿ ಹೋಗೋವರೆಗೆ ಎಣಿಸಬೇಕು. ನನ್ನ ಕೈ ನಡುಗುತ್ತಿತ್ತು, ಎಣಿಕೆ ತಪ್ಪಿತು. ಯಾರಿಗೆ ಬೇಕಿತ್ತು ಎಣಿಕೆ? ಹೆಂಗಸರೆಲ್ಲ ಹಿಂದೆ ತಿರುಗಿ ನೀರುಗಂಟಿಯನ್ನು ಹಿಡಿದುಕೊಂಡಿದ್ದರು. “ಏನ್ಲಾ, ಇಷ್ಟ್ ದಿನ ಇದ್ನೇ ಕುಡುಸ್ತಿದ್ದಾ?” ಅವನು ಜನರ ತಲೆ ಮೇಲಿಂದ ನನ್ನನ್ನೇ ನೋಡಿ, “ಮೇಡಂ, ನಿಮ್ ಸವಾಸ ಬ್ಯಾಡ ಅಂತ ಬೆಳಿಗ್ಗೇನೇ ಅನ್ಕಂಡೆ” ಅಂದ. ಅಷ್ಟರಲ್ಲಿ ನೀಲಿ ಬಾಟಲಿಯ ಫೋಟೊ ಊರಿನ ವಾಟ್ಸಾಪ್ ಗ್ರೂಪ್ ಸೇರಿತ್ತು. ಪಿಡಿಓ ಫೋನ್ ಬಂತು. ಪಂಚಾಯಿತಿ ಕುಡಿಯೋ ನೀರಿಗೆ ವಿಷ ಅಂತ ಯಾರು ಹೇಳಿದ್ದು, ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ ಅಂತ.

ಕಾಪಾಡಿದ್ದು ಹಾಲಿನ ಡೇರಿ ಸೆಕ್ರೆಟರಿ. ಮೈಕ್ ಕೂಡ ಕೇಳಲಿಲ್ಲ. “ಡೇರೀಲಿ ಹಾಲ್ಗೆ ಔಷ್ದಿ ಬಿಟ್ಟು ನೋಡಾಕಿಲ್ವಾ? ಬಣ್ಣ ಔಷ್ದೀದು ಕನ್ರಮ್ಮ, ನೀರಿಂದಲ್ಲ. ಮೀನು ಬಿಟ್ರೆ ನಲ್ಲಿ ನೀರಲ್ಲಿ ಉಸಿರಾಡ್ತದೆ, ಹೊಳೆ ನೀರಲ್ಲಿ ಸಾಯ್ತದೆ. ಅಷ್ಟೇಯ ಆಯಮ್ಮ ಯೋಳ್ತಿರದು.” ಮುಗೀತು. ದಿನಾ ಊರವರ ಹಾಲು ಅಳೆದು ಲೆಕ್ಕ ಬರೆಯೋ ಮನುಷ್ಯನ ಮಾತು. ಸ್ನಾನದ ಯೋಗ್ಯತೆಗೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು, ಬಿಓಡಿ 3 ದಾಟಬಾರದು ಅಂತ ನಾನು ಮಾಡಿಸಿದ್ದ ಫ್ಲಿಪ್‌ಚಾರ್ಟ್ ಬಿಚ್ಚೋ ಅಗತ್ಯವೇ ಬರಲಿಲ್ಲ.

ಆದರೆ ನನ್ನನ್ನು ಇವತ್ತಿಗೂ ಕುಟುಕೋದು ಬಾಟಲಿ ಅಲ್ಲ, ಆಮೇಲೆ ಎದ್ದು ನಿಂತ ಹೆಂಗಸಿನ ಮಾತು. ಹೊಳೆ ನೀರು ಹಾಯಿಸಿ ಸೀಮೆಹುಲ್ಲು, ಹಿಪ್ಪುನೇರಳೆ ಬೆಳೆಯೋ ಮನೆಯವಳು. “ನೀರು ಕೆಟ್ಟದ್ದು ಅಂತ ನಮ್ಗೆ ಗೊತ್ತಿಲ್ವಾ ಮೇಡಂ? ಗದ್ದೆಗಿಳಿದ್ರೆ ಕಾಲು ಕಡೀತದೆ. ಈ ನೀರೂ ನಿಂತ್ರೆ ಹಸೀಗೆ ಏನ್ ಹಾಕಾನ? ಇದ್ನ ಬಿಡೋರಿಗೆ ಯೋಳುದ್ರಾ ನೀವು?”

ಹೇಳಿರಲಿಲ್ಲ. ಬಸವನಗುಡಿ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತೆ ಅಂತ ಹೆಸರು ಪಡೆದ ಈ ಹೊಳೆಯಲ್ಲಿ ಮಳೆ ಇಲ್ಲದ ದಿನ ಹರಿಯೋದು ಹೆಚ್ಚುಕಮ್ಮಿ ಪೂರ್ತಿ ಬೆಂಗಳೂರಿನ ಬಳಕೆ ನೀರು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ಕಾವೇರಿ ತರ್ತೀವಿ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಅದನ್ನ ಬಳಸಿ ಬಿಟ್ಟರೆ ವೃಷಭಾವತಿ. ಅದು ಮೈಸೂರು ರಸ್ತೆ ಪಕ್ಕದಲ್ಲೇ ಕೆಂಗೇರಿ ದಾಟಿ, ಬೈರಮಂಗಲ ಹಾದು ಅರ್ಕಾವತಿ ಸೇರಿ, ಸಂಗಮದಲ್ಲಿ ವಾಪಸ್ ಕಾವೇರಿಗೆ. ಮಧ್ಯದಲ್ಲಿ ಕಾಲು ಕಡಿಸಿಕೊಳ್ಳೋರ ಹತ್ತಿರ ಹೋಗಿ ನಾವು ‘ಅರಿವು’ ಮೂಡಿಸ್ತಿದ್ವಿ. ಯಾಕೆ ಅಂದ್ರೆ ಹಳ್ಳಿಯಲ್ಲಿ ಶಾಲೆ ಮೈದಾನ ಪುಕ್ಕಟೆ ಸಿಗುತ್ತೆ, ಜನ ಬರ್ತಾರೆ, ಅಟೆಂಡೆನ್ಸ್ ಶೀಟ್ ತುಂಬುತ್ತೆ.

ರಿಪೋರ್ಟ್ ಕಥೆ ಬೇರೆ. ಪ್ರೀ-ಟೆಸ್ಟ್, ಪೋಸ್ಟ್-ಟೆಸ್ಟ್ ಅಂತ ಫಾರ್ಮ್ ಇತ್ತು. ‘ನದಿ ನೀರು ಶುದ್ಧವಾಗಿದೆಯೇ?’ ಅನ್ನೋ ಪ್ರಶ್ನೆಗೆ ಹೌದು ಅಂದವರು ಕಾರ್ಯಕ್ರಮ ಆದಮೇಲೆ ಜಾಸ್ತಿಯಾಗಿದ್ದರು. ನಮ್ಮ ಫೀಲ್ಡ್ ಹುಡುಗ ಗಡಿಬಿಡಿಯಲ್ಲಿ ಸೆಕ್ರೆಟರಿ ಮಾತಾಡೋಕೆ ಮುಂಚೆಯೇ ಫಾರ್ಮ್ ತುಂಬಿಸಿಕೊಂಡಿದ್ದ. ಕಾರ್ಯಕ್ರಮದ ಫಲಿತಾಂಶ ಅಳೆಯೋ ಎಂ ಅಂಡ್ ಇ ವಿಭಾಗದವರು ಆ ಸಾಲನ್ನೇ ಕಿತ್ತು ಹಾಕಿ, ಸಮುದಾಯದಿಂದ ಉತ್ಸಾಹದ ಸ್ಪಂದನೆ ಅಂತ ಬರೆದರು. ಚಪ್ಪಾಳೆ ಬಿದ್ದಿದ್ದಂತೂ ಸುಳ್ಳಲ್ಲ.

ಈಗ ಡಿಓ ಕಿಟ್ ಲ್ಯಾಬ್‌ನಲ್ಲೇ ಇರುತ್ತೆ. ಏನೇ ಡೆಮೊ ಇರಲಿ, ಮೊದಲು ವಿಷಯ ಗೊತ್ತಿಲ್ಲದ ಯಾರಿಗಾದರೂ ಬಾಯಿಬಿಡದೆ ತೋರಿಸಿ, ‘ಏನು ಅರ್ಥ ಆಯ್ತು?’ ಅಂತ ಕೇಳ್ತೀವಿ. ಊರಿನ ಕುಡಿಯೋ ನೀರನ್ನು ಮೇಜಿನ ಮೇಲೆ ಇಡಲ್ಲ. ಕೆಸರು ಬಗೆದು ಬಿಳಿ ತಟ್ಟೆಗೆ ಹಾಕಿ, ಕೊಳಕು ನೀರಲ್ಲಿ ಬೆಳೆಯೋ ಕೆಂಪು ಹುಳ ತೋರಿಸಿದರೆ ಸಾಕು, ಅನುವಾದಕ್ಕೆ ಯಾರೂ ಬೇಡ.

ಇನ್ನೊಂದು, ಮ್ಯಾನೇಜ್‌ಮೆಂಟ್ ಜೊತೆ ಜಗಳ ಆಡಿ ಅರ್ಧ ಕಾರ್ಯಕ್ರಮ ಮೈಸೂರು ರಸ್ತೆ ಕಡೆಯ ಅಪಾರ್ಟ್‌ಮೆಂಟ್‌ಗಳಿಗೆ ಹಾಕಿಸಿದೀನಿ. ಅಲ್ಲಿ ಮಾತಾಡೋದು ನಾವಲ್ಲ. ಆ ಹೆಂಗಸು, ಡೇರಿ ಸೆಕ್ರೆಟರಿ ಮತ್ತೆ ಅವರ ಊರಿನ ಇಬ್ಬರು ಬರ್ತಾರೆ, ಅವರಿಗೆ ದಿನಗೂಲಿ ಕೊಡಬೇಕು ಅನ್ನೋದಕ್ಕೂ ಒಂದು ಜಗಳ ಆಯ್ತು. ಹೋದ ಸಲ ಕ್ಲಬ್‌ಹೌಸ್‌ನಲ್ಲಿ ಎಲ್ಲ ಸುಸೂತ್ರವಾಗಿ ನಡೀತಿತ್ತು, ಸೆಕ್ರೆಟರಿ ಎದ್ದು, ‘ನಿಮ್ ಎಸ್‌ಟಿಪಿ ರಾತ್ರಿ ಎಷ್ಟೊತ್ತಿಗೆ ಆಫ್ ಮಾಡ್ತೀರ ಸಾರ್?’ ಅಂತ ಅಪಾರ್ಟ್‌ಮೆಂಟ್‌ನ ಕೊಳಚೆ ನೀರು ಶುದ್ಧ ಮಾಡೋ ಘಟಕದ ಬಗ್ಗೆ ಕೇಳೋವರೆಗೆ. ಅಸೋಸಿಯೇಷನ್‌ನವರು ಮುಖ ಮುಖ ನೋಡಿಕೊಂಡರು. ಮುಂದಿನ ಕಾರ್ಯಕ್ರಮಕ್ಕೆ ಅವರದೊಂದು ಮೇಲ್ ಬಂದಿದೆ: ಕ್ಲಬ್‌ಹೌಸ್ ಹಾಲ್ ಕೊಡ್ತೀವಿ, ಮಕ್ಕಳಿಗೆ ಚಿತ್ರಕಲಾ ಸ್ಪರ್ಧೆ ಮಾಡಿ, ಪ್ರಶ್ನೋತ್ತರ ಬೇಡ. ನಮ್ಮ ಮ್ಯಾನೇಜರ್ ಒಪ್ಪೋ ಮೂಡ್‌ನಲ್ಲಿದ್ದಾರೆ. ನಾನಿನ್ನೂ ರಿಪ್ಲೈ ಮಾಡಿಲ್ಲ.