ಮಸ್ಕತ್ತಿನ ಕಡಲಲ್ಲಿ ಅಪ್ಪಯ್ಯ

ಮಸ್ಕತ್ತಿನ ಕಡಲೂ ಉಡುಪಿ ಜಿಲ್ಲೆಯ ನಮ್ಮ ಗಂಗೊಳ್ಳಿಯ ಕಡಲೂ ಒಂದೇ ನೀರು. ಇಲ್ಲಿನ ಒಮಾನ್ ಕೊಲ್ಲಿ ಹೋಗಿ ಸೇರುವುದು ಅರಬ್ಬೀ ಸಮುದ್ರವನ್ನೇ. ಹಿಂದೆ ಬಸರೂರಿನ ಅಕ್ಕಿ ಹಡಗು ಹತ್ತಿ ಈ ಕಡೆಯ ಬಂದರುಗಳಿಗೆ ಬರುತ್ತಿತ್ತು. ಈಗ ಅಕ್ಕಿಯ ಬದಲು ನಮ್ಮಂಥವರು ಕೆಲಸ ಹುಡುಕಿಕೊಂಡು ಬರುತ್ತೇವೆ. ಆದರೆ ಅಪ್ಪಯ್ಯ ಡಿಸೆಂಬರಿನಲ್ಲಿ ಮೊದಲ ಸಲ ಮಸ್ಕತ್ತಿಗೆ ಬಂದಾಗ ಇದು ಅದೇ ಕಡಲು ಅಂತ ಒಪ್ಪಲು ಅವರಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

ಅವರು ಕಡಲನ್ನೇ ನಂಬಿ ಬದುಕಿದವರು. ಹುಡುಗನಾಗಿದ್ದಾಗ ದಡದಲ್ಲಿ ನಿಂತು ರಂಪಣಿ ಬಲೆ ಎಳೆದವರು. ಆಮೇಲೆ ಮೀನಿನ ಹಿಂಡಿನ ಸುತ್ತ ಬಲೆ ಹಾಕುವ ಪರ್ಸೀನ್ ಬೋಟಿನಲ್ಲಿ ದುಡಿದವರು. ಮಂಡಿನೋವು ಜಾಸ್ತಿಯಾದ ಮೇಲೆ ಬೋಟು ಬಿಟ್ಟರು. ಅಂಥವರನ್ನು ಟೂರಿಸ್ಟ್ ಬೋಟಿನಲ್ಲಿ ಕೂರಿಸಿ ಡಾಲ್ಫಿನ್ ತೋರಿಸುವುದು ಅಂದರೆ ಅವರಿಗೆ ಹಿಡಿಸುತ್ತದೋ ಇಲ್ಲವೋ ಅನ್ನಿಸಿತ್ತು. ಮಗಳು ಹಟ ಹಿಡಿದಳು. ಅಜ್ಜನಿಲ್ಲದೆ ತಾನು ಬರುವುದೇ ಇಲ್ಲ ಅಂದಳು. ಅಷ್ಟಾದ ಮೇಲೆ ಅಪ್ಪಯ್ಯ ಹೊರಟರು.

ಬಂದರ್ ಅಲ್ ರೌಧಾ ಮರೀನಾ ಹಳೆ ಮಸ್ಕತ್ತಿನ ಪಕ್ಕದಲ್ಲೇ ಇದೆ. ಬೆಳಿಗ್ಗೆ ಎಂಟಕ್ಕೆ ಬೋಟು. ಹನ್ನೆರಡೂವರೆಯ ಹೊತ್ತಿಗೆ ವಾಪಸ್. ಕ್ಯಾಪ್ಟನ್ ಒಮಾನಿ, ಪಕ್ಕದ ಸಿದಾಬ್ ಎಂಬ ಮೀನುಗಾರರ ಊರಿನವರು. ಇಲ್ಲಿನ ತುಂಬಾ ಜನರ ಹಾಗೆ ಅವರಿಗೂ ಹಿಂದಿ ಬರುತ್ತದೆ. ಅಪ್ಪಯ್ಯ ಬೋಟು ಹತ್ತಿದ ರೀತಿ ನೋಡಿಯೇ ಅವರಿಗೆ ಗೊತ್ತಾಯಿತು. "ಬಾಬಾ, ನೀವು ಮೀನು ಹಿಡಿಯುವವರಾ?" ಅಂತ ಕೇಳಿದರು. ಅಪ್ಪಯ್ಯನಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಅಲ್ಲಿಂದ ಮುಂದೆ ಇಬ್ಬರೂ ಬಿಟ್ಟೂಬಿಡದೆ ಮಾತಾಡಿದರು. ಬಲೆ, ಇಂಜಿನ್, ಡೀಸೆಲ್ ದರ, ಸೂರೆ (ಟ್ಯೂನಾ) ಮೀನು. ಇಲ್ಲಿನ ಕರಾವಳಿಯಲ್ಲಿ ಬೂತಾಯಿ ಮೀನನ್ನು ಒಣಗಿಸಿ ಒಂಟೆಗೂ ಮೇವಾಗಿ ಹಾಕುತ್ತಾರೆ ಎಂದು ಕೇಳಿ ಅಪ್ಪಯ್ಯ ಬೆರಗಾದರು.

ಮರೀನಾ ದಾಟಿದ ತಕ್ಷಣ ಬೆಟ್ಟಗಳು ನೇರ ನೀರಿಗೇ ಇಳಿಯುತ್ತವೆ. ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಕಲ್ಲು. ಮೊದಲು ಪೋರ್ಚುಗೀಸರು ಕಟ್ಟಿದ ಜಲಾಲಿ, ಮಿರಾನಿ ಕೋಟೆಗಳನ್ನು ಕಡಲ ಕಡೆಯಿಂದ ತೋರಿಸಿದರು. ನಡುವೆ ಸುಲ್ತಾನರ ಅರಮನೆ. ಎಲ್ಲರೂ ಫೋಟೋ ತೆಗೆದರು. ಅಪ್ಪಯ್ಯ ಕೋಟೆ ನೋಡಲಿಲ್ಲ. ಬೋಟಿನ ಅಂಚಿಗೆ ಬಗ್ಗಿ ನೀರು ನೋಡುತ್ತಿದ್ದರು.

"ನೀರ್ ಕಾಣ್ ಮಗಾ, ಎಷ್ಟ್ ತಿಳಿ ಇತ್ತ್!"

ಅವರಿಗೆ ಹಾಗೆ ಅನ್ನಿಸಿದ್ದು ಸಹಜ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುತ್ತವೆ. ಘಟ್ಟದ ಮಣ್ಣೆಲ್ಲ ಜೊತೆಗೇ ಬರುತ್ತದೆ. ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ನಿಂತರೂ ನಮ್ಮ ಪಾದ ನಮಗೇ ಕಾಣಿಸುವುದಿಲ್ಲ. ಹೊಳೆ ತರುವ ಆ ಸಾರವೂ, ಮಳೆಗಾಲದಲ್ಲಿ ಆಳದಿಂದ ಮೇಲೇಳುವ ನೀರಿನ ಸಾರವೂ ಸೇರಿಯೇ ನಮ್ಮ ಕಡಲಲ್ಲಿ ಸಿಗಡಿ, ಬೂತಾಯಿ, ಬಂಗುಡೆ ಅಷ್ಟು ಸಮೃದ್ಧಿ ಎಂಬುದೂ ನಿಜ. ಒಮಾನಿನಲ್ಲಿ ವರ್ಷವಿಡೀ ಹರಿಯುವ ದೊಡ್ಡ ಹೊಳೆಯೇ ಇಲ್ಲ. ಮಳೆ ಬಂದ ದಿನ ಮಾತ್ರ ತುಂಬುವ ವಾದಿಗಳಿವೆ, ಅಷ್ಟೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿದರೆ ಮಸ್ಕತ್ತಿಗೆ ಬೀಳುವುದು 100 ಮಿಲಿಮೀಟರ್ ಆಸುಪಾಸು. ಮಣ್ಣು ತರುವ ಹೊಳೆಯಿಲ್ಲ, ಹಾಗಾಗಿ ನೀರು ಹೆಚ್ಚಾಗಿ ತಿಳಿಯಾಗಿರುತ್ತದೆ. ಇದನ್ನು ಹೇಳಿದಾಗ ಅಪ್ಪಯ್ಯ ಬೆಟ್ಟಗಳ ಕಡೆ ಮತ್ತೊಮ್ಮೆ ನೋಡಿ ತಲೆಯಾಡಿಸಿದರು.

ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮ ಕರಾವಳಿಯಲ್ಲಿ ಕಡಲು ನಿಧಾನಕ್ಕೆ ಆಳವಾಗುತ್ತದೆ. ಹತ್ತಾರು ಕಿಲೋಮೀಟರ್ ಹೋದರೂ ತಳ ತೀರಾ ಕೆಳಗಿಲ್ಲ. ಮಸ್ಕತ್ತಿನ ಮುಂದೆ ದಡದಿಂದ ಸ್ವಲ್ಪ ದೂರ ಹೋದರೆ ಸಾಕು, ತಳ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿಯೇ ಆಳದ ಕಡಲಿನ ಡಾಲ್ಫಿನ್‌ಗಳು ಇಲ್ಲಿ ಅರ್ಧ ದಿನದ ಬೋಟಿನವರಿಗೂ ಸಿಗುತ್ತವೆ.

ಕ್ಯಾಪ್ಟನ್ ಹುಡುಕಿದ್ದು ಡಾಲ್ಫಿನ್‌ಗಳನ್ನಲ್ಲ, ಹಕ್ಕಿಗಳನ್ನು. ಅಪ್ಪಯ್ಯನ ಕಣ್ಣೂ ಅಲ್ಲೇ ಇತ್ತು. ದೂರದಲ್ಲಿ ಕಡಲಹಕ್ಕಿಗಳು ಗುಂಪಾಗಿ ಸುತ್ತುತ್ತಾ ನೀರಿಗೆ ಬೀಳುತ್ತಿದ್ದವು. ಹಕ್ಕಿ ಬಿದ್ದಲ್ಲಿ ಮೀನಿನ ಹಿಂಡು, ಹಿಂಡಿನ ಕೆಳಗೆ ದೊಡ್ಡವು. ಕಡಲಿಗೆ ಹೋಗುವವರಿಗೆಲ್ಲ ಈ ಲೆಕ್ಕ ಗೊತ್ತು. ಇಬ್ಬರೂ ಒಟ್ಟಿಗೇ ಕೈ ಎತ್ತಿ ಅದೇ ದಿಕ್ಕು ತೋರಿಸಿದರು.

ಹತ್ತಿರ ಹೋದಾಗ ಅಲ್ಲಿ ಆಗಲೇ ಬೇರೆ ಬೋಟುಗಳಿದ್ದವು. ಒಂದು ಬೋಟು ಜೋರಾಗಿ ಇಂಜಿನ್ ಓಡಿಸುತ್ತಾ ಡಾಲ್ಫಿನ್‌ಗಳ ನಡುವೆಯೇ ನುಗ್ಗುತ್ತಿತ್ತು. ಅವು ಮುಳುಗಿ ಇನ್ನೊಂದು ಕಡೆ ಏಳುತ್ತಿದ್ದವು. ಬೋಟು ತಿರುಗಿ ಅಲ್ಲಿಗೂ ನುಗ್ಗುತ್ತಿತ್ತು. ಅದರಲ್ಲಿದ್ದವರು ಸಿಳ್ಳೆ ಹಾಕುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಅಲ್ಲಿ ಜಾಸ್ತಿ ಇದ್ದದ್ದು ಸ್ಪಿನ್ನರ್ ಡಾಲ್ಫಿನ್‌ಗಳು. ಇವು ರಾತ್ರಿಯಿಡೀ ಆಳದಿಂದ ಮೇಲೇರಿ ಬರುವ ಸಣ್ಣ ಮೀನು, ಬೊಂಡಾಸ್ (ಸ್ಕ್ವಿಡ್) ಬೇಟೆಯಾಡಿ, ಹಗಲು ದಡದ ಕಡೆ ಬಂದು ವಿಶ್ರಾಂತಿ ಪಡೆಯುವ ಜೀವಿಗಳು. ನಿದ್ದೆ ಮಾಡುವಾಗಲೂ ಮೇಲೆ ಬಂದು ಉಸಿರಾಡಬೇಕು. ಹಾಗಾಗಿ ಡಾಲ್ಫಿನ್‌ಗಳ ಮೆದುಳಿನಲ್ಲಿ ಅರ್ಧ ಮಲಗಿದರೆ ಅರ್ಧ ಎಚ್ಚರವಾಗಿರುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವರ ಮನೆಬಾಗಿಲು ಬಡಿದ ಹಾಗೆ ಇದು. ಅಮೆರಿಕದವರು 2021ರಲ್ಲಿ ಹವಾಯಿ ದ್ವೀಪಗಳ ಹತ್ತಿರ ಸ್ಪಿನ್ನರ್ ಡಾಲ್ಫಿನ್‌ಗಳಿಂದ ಕನಿಷ್ಠ 50 ಗಜ ದೂರವಿರಬೇಕು ಅಂತ ನಿಯಮ ಮಾಡಿದ್ದು ಈ ಕಾರಣಕ್ಕೇ. ಅಂಥ ನಿಯಮ ಎಲ್ಲ ಕಡೆಯೂ ಬರಬೇಕು, ನಮ್ಮ ಕಾರವಾರ, ಮಲ್ಪೆಗಳಲ್ಲೂ.

ನಮ್ಮ ಕ್ಯಾಪ್ಟನ್ ಆ ಗದ್ದಲದ ಹತ್ತಿರ ಹೋಗಲೇ ಇಲ್ಲ. ಸಾಕಷ್ಟು ದೂರ ಸುತ್ತಿ ಬಂದು ಇಂಜಿನ್ ಆಫ್ ಮಾಡಿದರು. "ಕಾಯೋಣ" ಅಂದರು. ಬೋಟಿನಲ್ಲಿದ್ದ ಒಬ್ಬರು ಗೊಣಗಿದರು, ದುಡ್ಡು ಕೊಟ್ಟಿದ್ದೇವೆ, ಹತ್ತಿರ ಹೋಗಿ ಅಂತ. ಕ್ಯಾಪ್ಟನ್ ಜಗ್ಗಲಿಲ್ಲ. ಅಲೆಗೆ ಬೋಟು ತೂಗತೊಡಗಿತು. ನನ್ನ ಹೆಂಡತಿಗೆ ಹೊಟ್ಟೆ ತೊಳಸಿತು. ಶುಂಠಿ ಚೂರು ಬಾಯಿಗಿಟ್ಟುಕೊಂಡು ದಡದ ಬೆಟ್ಟವನ್ನೇ ನೋಡುತ್ತಾ ಕೂತಳು.

ಆಮೇಲೆ ಅವು ತಾವಾಗಿಯೇ ಬಂದವು. ಮೊದಲು ಉಸಿರಿನ ಶಬ್ದ. ಇಂಜಿನ್ ನಿಂತಿದ್ದಕ್ಕೇ ಅದು ಕೇಳಿಸಿತು. ಪುಸ್, ಪುಸ್ ಅಂತ ಬೋಟಿನ ಎರಡೂ ಕಡೆ. ತಾಯಿಯ ಪಕ್ಕಕ್ಕೆ ಅಂಟಿಕೊಂಡ ಮರಿಗಳೂ ಇದ್ದವು. ಎಣಿಸಲು ಹೋದ ಮಗಳು ಸೋತು ಬಿಟ್ಟಳು. ಇದ್ದಕ್ಕಿದ್ದಂತೆ ಒಂದು ನೀರಿನಿಂದ ನೇರ ಮೇಲಕ್ಕೆ ಹಾರಿ, ಗಾಳಿಯಲ್ಲೇ ತನ್ನ ಸುತ್ತ ತಾನು ಗಿರ್ರನೆ ತಿರುಗಿ, ಬೆನ್ನಿನ ಮೇಲೆ ದೊಪ್ಪನೆ ಬಿತ್ತು. ಇವು ಒಂದೇ ನೆಗೆತದಲ್ಲಿ ಏಳು ಸುತ್ತಿನವರೆಗೂ ತಿರುಗಬಲ್ಲವು.

ಅಪ್ಪಯ್ಯ ಎದ್ದು ನಿಂತುಬಿಟ್ಟರು. ಅವರು ಡಾಲ್ಫಿನ್ ನೋಡದವರಲ್ಲ. ನಮ್ಮ ಅಳಿವೆ ಬಾಗಿಲ ಹತ್ತಿರ ಬರುವುದು ಬೆನ್ನಿಗೆ ಗೂನು ಇರುವ ಜಾತಿ. ಅದು ದಡದ ಹತ್ತಿರವೇ ಇರುತ್ತದೆ, ನಿಧಾನಕ್ಕೆ ಬೆನ್ನು ತೋರಿಸಿ ಮುಳುಗುತ್ತದೆ. ಹಾರುವುದು ಅಪರೂಪ. ಬಲೆಯಲ್ಲಿ ಸಿಕ್ಕಿಬಿದ್ದರೆ ಬಲೆ ಹರಿಯುತ್ತದೆ, ಇಲ್ಲವೇ ಉಸಿರು ಕಟ್ಟಿ ಅದು ಸಾಯುತ್ತದೆ. ಅಪ್ಪಯ್ಯನಿಗೆ ಡಾಲ್ಫಿನ್ ಅಂದರೆ ಅಷ್ಟೇ ಆಗಿತ್ತು. ಮಾರುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ಬಲೆಗೆ ನಷ್ಟ.

"ಇದ್ ಹೀಂಗ್ ಹಾರುದ್ ಎಂತಕೆ?" ಅಂತ ಕ್ಯಾಪ್ಟನ್ನನ್ನೇ ಕೇಳಿದರು, ಕನ್ನಡದಲ್ಲಿ. ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಮೈಗೆ ಅಂಟುವ ಮೀನನ್ನು ಕೊಡವಲು ಅಂತ ಕೆಲವರು ಹೇಳುತ್ತಾರೆ, ಬೀಳುವ ಸದ್ದಿನಿಂದ ಜೊತೆಗಾರರಿಗೆ ಸುದ್ದಿ ಮುಟ್ಟಿಸಲು ಅಂತ ಇನ್ನು ಕೆಲವರು, ಅಂದರು ಕ್ಯಾಪ್ಟನ್. ಆಮೇಲೆ ನಕ್ಕು, "ನನ್ನ ಕೇಳಿದರೆ ಖುಷಿಗೆ" ಅಂದರು. ಅಪ್ಪಯ್ಯನಿಗೆ ಆ ಮೂರನೆಯ ಉತ್ತರ ಹಿಡಿಸಿತು.

ಮಾಸ್ಕು, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ಕಡಲ ತಳ ನೋಡುವ ಸ್ನಾರ್ಕಲಿಂಗ್‌ಗೆ ಹೋದದ್ದು ಬಂದರ್ ಖೈರಾನ್‌ಗೆ. ಬೆಟ್ಟಗಳ ನಡುವೆ ಕಡಲು ಒಳಗೆ ನುಗ್ಗಿ ಸಣ್ಣ ಸಣ್ಣ ಕೊಲ್ಲಿಗಳಾಗಿವೆ. ಅಲೆ ಇಲ್ಲ. ತಳದಲ್ಲಿ ಹವಳ. 2007ರ ಗೋನು ಚಂಡಮಾರುತ ಈ ತೀರದ ಹವಳಕ್ಕೆ ತುಂಬಾ ಪೆಟ್ಟು ಕೊಟ್ಟಿತ್ತು. ಗೈಡ್ ಹುಡುಗ ಮೊದಲೇ ಎಚ್ಚರಿಕೆ ಕೊಟ್ಟ. ಹವಳದ ಮೇಲೆ ಕಾಲಿಡಬಾರದು, ಕೈಯಿಂದ ಮುಟ್ಟಬಾರದು, ಅದು ಕಲ್ಲಲ್ಲ, ಜೀವ. ಕಪ್ಪು ಮುಳ್ಳಿನ ಚೆಂಡಿನಂಥ ಸೀ ಅರ್ಚಿನ್‌ಗಳಿಂದಲೂ ದೂರವಿರಬೇಕು. ಮೀನಿಗೆ ಬ್ರೆಡ್ ಎಸೆಯುವುದಕ್ಕೂ ಬಿಡಲಿಲ್ಲ. ಆಮೇಲೆ ಮಾಸ್ಕಿನ ಗಾಜಿಗೆ ಉಗುಳಿ ಉಜ್ಜಿ ತೊಳೆಯುವುದನ್ನು ಕಲಿಸಿದ. ಹಾಗೆ ಮಾಡಿದರೆ ಗಾಜಿಗೆ ಮಂಜು ಹಿಡಿಯುವುದಿಲ್ಲ.

ಅಪ್ಪಯ್ಯನಿಗೆ ಈಜು ಗೊತ್ತು. ಆದರೆ ಮುಖ ಮುಳುಗಿಸಿಕೊಂಡು ಬಾಯಿಂದ ಉಸಿರಾಡುವುದು ಅವರ ಮೈಗೆ ಒಗ್ಗದ ವಿಷಯ. ನೀರೊಳಗೆ ಉಸಿರು ಬಿಗಿಹಿಡಿಯಬೇಕು ಅಂತ ಚಿಕ್ಕಂದಿನಿಂದ ಕಲಿತವರು. ಲೈಫ್ ಜಾಕೆಟ್ ಹಾಕಿಕೊಂಡು ಏಣಿ ಹಿಡಿದು ನಿಂತರು. ಮುಖ ಇಳಿಸುವುದು, ಎತ್ತುವುದು. ಮಗಳು ಪಕ್ಕದಲ್ಲೇ ತೇಲುತ್ತಾ, "ಅಜ್ಜಾ, ನಿಧಾನಕ್ಕೆ, ಉದ್ದ ಉಸಿರು" ಅಂತ ಹೇಳುತ್ತಿದ್ದಳು. ಒಮ್ಮೆ ಮುಖ ಇಳಿಸಿದವರು ಮತ್ತೆ ಎತ್ತಲೇ ಇಲ್ಲ. ಏಣಿ ಬಿಟ್ಟು ತೇಲಿಕೊಂಡು ಹೊರಟೇ ಹೋದರು.

ಕೆಳಗೆ ಗಿಳಿಮೀನುಗಳು ಹವಳವನ್ನು ಕಟಕಟ ಕಚ್ಚುವುದು ಕಿವಿಗೇ ಕೇಳಿಸುತ್ತಿತ್ತು. ಅವು ಕಚ್ಚಿ ನುಂಗಿದ್ದು ಹೊಟ್ಟೆಯಲ್ಲಿ ಪುಡಿಯಾಗಿ ಮರಳಾಗಿ ಹೊರಬರುತ್ತದೆ. ಕಪ್ಪು ಪಟ್ಟೆಯ ಸಣ್ಣ ಮೀನುಗಳು ನಮ್ಮ ಮಾಸ್ಕಿನ ಹತ್ತಿರವೇ ಬಂದು ನೋಡಿ ಹೋದವು. ಬಂಡೆಯ ಸಂದಿನಲ್ಲಿ ಒಂದು ಮುರು ಮೀನು. ಅಪ್ಪಯ್ಯ ಎರಡೂ ಕೈ ಅಗಲಿಸಿ ಅದರ ಅಳತೆ ತೋರಿಸಿದರು. ಮಾಸ್ಕಿನೊಳಗಿಂದ ನೋಡಿದರೆ ಎಲ್ಲವೂ ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಗೈಡ್ ಹೇಳಿದ ಮೇಲೆ, ಕೈಗಳನ್ನು ಸ್ವಲ್ಪ ಹತ್ತಿರ ತಂದರು.

ಆಮೇಲೆ ಕಂಡದ್ದು ಕಟಲ್‌ಫಿಶ್. ಬೊಂಡಾಸಿನ ದಾಯಾದಿ. ಮರಳಿನ ಮೇಲೆ ಒಂದು ಗೇಣು ಎತ್ತರದಲ್ಲಿ ಅಲುಗಾಡದೆ ನಿಂತಿತ್ತು. ಸುತ್ತಲಿನ ಅಂಚು ಮಾತ್ರ ಸಣ್ಣಗೆ ಅಲೆಯಾಡುತ್ತಿತ್ತು. ನಾವು ಅದರ ಮೇಲಕ್ಕೆ ತೇಲಿ ಬಂದಾಗ ಮೈ ಕಂದು ಬಣ್ಣವಾಯಿತು. ಬಂಡೆಯ ಕಡೆ ಸರಿದಾಗ ಚುಕ್ಕೆ ಚುಕ್ಕೆ. ಇನ್ನೊಂದು ಎದುರಿಗೆ ಬಂತು, ಆಗ ಇದರ ಬೆನ್ನ ಮೇಲೆ ಪಟ್ಟೆಗಳು ಎದ್ದವು, ಓಡಿದವು, ಮಾಯವಾದವು. ಚರ್ಮದಲ್ಲಿರುವ ಬಣ್ಣದ ಸಣ್ಣ ಚೀಲಗಳನ್ನು ಸ್ನಾಯುಗಳಿಂದ ಹಿಗ್ಗಿಸಿ ಕುಗ್ಗಿಸಿ ಅದು ಹೀಗೆ ಮಾಡುತ್ತದೆ. ಓದಿ ತಿಳಿದಿದ್ದೆ. ಕಣ್ಣಾರೆ ನೋಡುವುದು ಬೇರೆಯೇ.

ಅಪ್ಪಯ್ಯ ಅಲ್ಲಿಂದ ಕದಲಲಿಲ್ಲ. ಗೈಡ್ ಎಲ್ಲರನ್ನೂ ಕರೆದ. ಉಳಿದವರು ಬೋಟಿಗೆ ಹೋದರು. ಇವರು ಅಲ್ಲೇ ತೇಲುತ್ತಿದ್ದರು. ನಾನು ಹೋಗಿ ಭುಜ ಮುಟ್ಟಿದೆ. ಮುಖ ಎತ್ತಿ ಬಾಯಿಂದ ಕೊಳವೆ ತೆಗೆದು, "ಬಣ್ಣ ಓಡ್ತಿತ್ತ್ ಮಗಾ, ಅದ್ರ್ ಮೈಮೇಲ್ ಬಣ್ಣ ಓಡ್ತಿತ್ತ್" ಅಂದರು.

ಅವರ ಕೈಯಲ್ಲಿ ಕಟಲ್‌ಫಿಶ್‌ನ ಎಷ್ಟು ಬುಟ್ಟಿ ಹಾದುಹೋಗಿರಬಹುದು. ಬೋಟಿನಲ್ಲಿ ಮಸಿ ಕಕ್ಕಿ ಬಿಳಿಚಿಕೊಂಡು ಬಿದ್ದದ್ದನ್ನು ಮಾತ್ರ ಅವರು ಕಂಡಿದ್ದರು. ಕಿಲೋಗೆ ಎಷ್ಟು ಅನ್ನುವುದು ಗೊತ್ತಿತ್ತು. ಯಾವ ತಿಂಗಳು, ಎಷ್ಟು ಮಾರು ನೀರಿನಲ್ಲಿ ಸಿಗುತ್ತದೆ ಗೊತ್ತಿತ್ತು. ನನಗೂ ಅಷ್ಟೇ. ಆ ದುಡ್ಡಿನಲ್ಲೇ ನಾನು ಕಾಲೇಜು ಓದಿದ್ದು. ಅದಕ್ಕೆ ಅಪ್ಪಯ್ಯನೂ ನಾನೂ ನಾಚಿಕೊಳ್ಳಬೇಕಿಲ್ಲ. ಆದರೆ ಇಷ್ಟು ವರ್ಷ ಅನ್ನ ಕೊಟ್ಟ ಪ್ರಾಣಿ ಬದುಕಿದ್ದಾಗ ಹೇಗಿರುತ್ತದೆ ಅಂತ ನೋಡುವ ಭಾಗ್ಯ ಅವರಿಗೆ ಸಿಕ್ಕಿತಲ್ಲ ಅಂತ ನನಗೆ ಕಣ್ಣು ತುಂಬಿ ಬಂತು.

ವಾಪಸ್ ಬರುವ ಮುಂಚೆ ಗೈಡ್ ಒಂದು ಹರಿದ ನೈಲಾನ್ ಬಲೆಯನ್ನು ಬೋಟಿಗೆ ಎಳೆದು ಹಾಕಿದ. ಹವಳಕ್ಕೆ ಸಿಕ್ಕಿಕೊಂಡಿತ್ತಂತೆ. ಚಾಕುವಿನಿಂದ ಕತ್ತರಿಸಿ ಬಿಡಿಸಿದ್ದ. ಹೀಗೆ ಕಳೆದುಹೋದ ಬಲೆ ಕೊಳೆಯುವುದಿಲ್ಲ. ಹವಳವನ್ನು ಮುರಿಯುತ್ತಾ, ಸುಮ್ನೆ ಮೀನು ಏಡಿ ಆಮೆಗಳನ್ನು ಹಿಡಿದು ಕೊಲ್ಲುತ್ತಾ ಇರುತ್ತದೆ. ಅಪ್ಪಯ್ಯ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿನಿಂದ ಬಲೆಯ ಕಣ್ಣಿನ ಅಳತೆ ನೋಡಿದರು. ಸತ್ತ ಸಣ್ಣ ಏಡಿಗಳನ್ನು ಒಂದೊಂದಾಗಿ ಬಿಡಿಸಿ ನೀರಿಗೆ ಹಾಕಿದರು. ಕ್ಯಾಪ್ಟನ್ ಸ್ಟೀರಿಂಗ್ ಹಿಡಿದೇ ತಿರುಗಿ ನೋಡಿ, "ಸಿದಾಬ್‌ನಲ್ಲೂ ಇದೇ ಬಲೆ, ಬಾಬಾ" ಅಂದರು. "ನಮ್ಮಲ್ಲೂ" ಅಂದರು ಅಪ್ಪಯ್ಯ.

ಮನೆಗೆ ಬಂದು ಊಟ ಮಾಡಿ ಮಲಗುತ್ತಾರೆ ಅಂದುಕೊಂಡರೆ, ನಮ್ಮ ಕಡೆ ಇಂಥದ್ದು ಎಲ್ಲಿ ನೋಡಬಹುದು ಅಂತ ಕೇಳಿದರು. ನೇತ್ರಾಣಿ ಅಂದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿನ ಆ ದ್ವೀಪ ಅವರಿಗೆ ಚೆನ್ನಾಗಿ ಗೊತ್ತು. ಹೊಳೆಗಳ ಕೆಸರು ಅಲ್ಲಿಗೆ ಅಷ್ಟಾಗಿ ಮುಟ್ಟದ ಕಾರಣ ನೀರು ತಿಳಿ, ಸುತ್ತ ಹವಳವೂ ಇದೆ, ಮಳೆಗಾಲ ಬಿಟ್ಟು ಉಳಿದ ದಿನ ಮುರುಡೇಶ್ವರದಿಂದ ಬೋಟಿನಲ್ಲಿ ಕರೆದುಕೊಂಡು ಹೋಗಿ ನೀರಿಗಿಳಿಸುತ್ತಾರೆ. ಫೆಬ್ರವರಿಯಲ್ಲಿ ನನಗೆ ರಜೆ ಇದೆ. ಅಪ್ಪಯ್ಯ ಆಗಲೇ ಹಳೆಯ ಬೋಟಿನ ಜೊತೆಗಾರರಿಗೆ ಫೋನು ಮಾಡಿ ಬರುತ್ತೀರಾ ಅಂತ ಕೇಳಿದ್ದಾರೆ. ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಕನ್ನಡಕ ಇಲ್ಲದೆ ಏನೂ ಕಾಣುವುದಿಲ್ಲ ಅಂದರಂತೆ. ಪವರ್ ಇರುವ ಮಾಸ್ಕೂ ಸಿಗುತ್ತದೆ ಅಂತ ನಾನು ಹೇಳಿದ್ದನ್ನು ಅಪ್ಪಯ್ಯ ಅವರಿಗೆ ಜೋರು ದನಿಯಲ್ಲಿ ವಿವರಿಸುತ್ತಿದ್ದರು. ಅವರ ಕನ್ನಡಕದ ನಂಬರು ಬರೆದುಕೊಂಡು ಬಾ ಅಂತ ಮಗಳಿಗೆ ಪೆನ್ನು ತರಲು ಹೇಳಿದರು.