ಚೆಕ್ ಬೌನ್ಸ್ ಆಗಿದೆ, ಸ್ವಲ್ಪ ದಿನ ಕಾಯಲಾ?

ವಕೀಲಿ ಮಾಡುವ ನನಗೆ ಪರಿಚಯದವರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಇದನ್ನೇ. "ಸಾಲ ತೀರಿಸೋಕೆ ಅಂತ ಕೊಟ್ಟ ಚೆಕ್ ಬೌನ್ಸ್ ಆಯ್ತು ಸಾರ್. ಮುಂದಿನ ತಿಂಗಳು ಖಂಡಿತ ಕೊಡ್ತೀನಿ ಅಂತಿದ್ದಾರೆ. ಕಾಯಲಾ?"

ಕಾಯಿರಿ. ಆದರೆ ನೋಟಿಸ್ ಕಳಿಸಿ ಕಾಯಿರಿ.

ಎಲ್ಲರ ಬಾಯಲ್ಲಿರುವ ಆ 138, ಅಂದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಚೆಕ್ ಬೌನ್ಸನ್ನು ಅಪರಾಧ ಎನ್ನುವ 138ನೇ ಸೆಕ್ಷನ್, ದಿನದ ಲೆಕ್ಕದ ಮೇಲೆ ನಿಂತಿದೆ. ಚೆಕ್ ವಾಪಸಾಗಿದೆ ಎಂದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ, ಹಣ ಕೊಡಿ ಎಂದು ಬರಹದಲ್ಲಿ ನೋಟಿಸ್ ಕೊಡಬೇಕು. ಅದು ಕೈ ಸೇರಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ದೂರು ತಡವಾದರೆ ಸರಿಯಾದ ಕಾರಣ ಹೇಳಿ ಮನ್ನಿಸಿ ಎಂದು ಕೇಳಬಹುದು, ನೋಟಿಸಿನ 30 ದಿನಕ್ಕೆ ಮಾತ್ರ ಆ ದಾರಿ ಇಲ್ಲ. "ಮುಂದಿನ ತಿಂಗಳು" ಎಂಬ ಮಾತು ನುಂಗುವುದು ಸರಿಯಾಗಿ ಆ 30 ದಿನವನ್ನೇ!

ದಿನ ದಾಟಿಹೋಗಿದೆಯಾ? ಚೆಕ್ಕಿನ ತಾರೀಖಿನಿಂದ ಮೂರು ತಿಂಗಳು ಮುಗಿದಿಲ್ಲದಿದ್ದರೆ ಇನ್ನೊಮ್ಮೆ ಬ್ಯಾಂಕಿಗೆ ಹಾಕಿ. ಮತ್ತೆ ಬೌನ್ಸ್ ಆದರೆ ಹೊಸದಾಗಿ 30 ದಿನ ಸಿಗುತ್ತದೆ, 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಅದೂ ಮುಗಿದಿದ್ದರೆ ಉಳಿಯುವುದು ವಸೂಲಿಗೆ ಸಿವಿಲ್ ದಾವೆ.

ಸಂಬಂಧ ಕೆಡುತ್ತೆ ಅನ್ನೋ ಸಂಕೋಚ ನನಗೆ ಅರ್ಥವಾಗುತ್ತದೆ, ಯಾಕೆಂದರೆ ಸಾಲ ತಗೊಂಡವರು ಎಷ್ಟೋ ಸಲ ಸ್ನೇಹಿತರೋ ಭಾವನೋ ಆಗಿರುತ್ತಾರೆ. ಆದರೆ ನೋಟಿಸ್ ಅಂದರೆ ಕೇಸ್ ಅಲ್ಲ. ಮೊದಲೇ ಫೋನ್ ಮಾಡಿ "ಒಂದು ನೋಟಿಸ್ ಬರುತ್ತೆ, ಗಾಬರಿಯಾಗಬೇಡ, ದಿನ ತಪ್ಪಬಾರದು ಅಂತ ಅಷ್ಟೇ" ಎಂದು ಹೇಳಿ. ಕೇಸ್ ಹಾಕಿದ ಮೇಲೂ ರಾಜಿಗೆ ಅವಕಾಶ ಇದ್ದೇ ಇದೆ.

ನೋಟಿಸನ್ನು ವಕೀಲರೇ ಬರೆಯಬೇಕೆಂದಿಲ್ಲ. ನೀವೇ ಬರೆದರೆ ಚೆಕ್ಕಿನಲ್ಲಿರುವ ಮೊತ್ತವನ್ನೇ ಕೇಳಿ, ಬಡ್ಡಿ ಗಿಡ್ಡಿ ಎಲ್ಲ ಒಟ್ಟು ಸೇರಿಸಿ ಒಂದೇ ಅಂಕಿ ಬರೆಯಬೇಡಿ. ಇಷ್ಟು ಸಣ್ಣ ವಿಷಯಕ್ಕೇ ಕೇಸ್ ಬಿದ್ದುಹೋಗುತ್ತದೆ. ಅಂಚೆ ರಸೀದಿ ಜೋಪಾನ.

ಇನ್ನು ಚೆಕ್ ಕೊಟ್ಟವರೂ ಕೇಳುತ್ತಾರೆ, ನೋಟಿಸ್ ತಗೊಳ್ಳದಿದ್ದರೆ ಆಯ್ತಲ್ವಾ ಅಂತ. ಇಲ್ಲ, ಸರಿಯಾದ ವಿಳಾಸಕ್ಕೆ ಬಂದದ್ದನ್ನು ವಾಪಸ್ ಕಳಿಸಿದರೂ ಮುಟ್ಟಿದೆ ಎಂದೇ ಕೋರ್ಟ್ ಸಾಮಾನ್ಯವಾಗಿ ತಿಳಿಯುತ್ತದೆ. "ಖಾಲಿ ಚೆಕ್ಕಿಗೆ ಸುಮ್ನೆ ಸಹಿ ಹಾಕಿದ್ದೆ" ಅಂದರೂ ಸಾಲದು. ಸಹಿ ನಿಮ್ಮದು ಎಂದು ಒಪ್ಪಿಕೊಂಡರೆ ಬಾಕಿ ಇತ್ತು ಎಂದೇ ಕಾನೂನು ಊಹಿಸುತ್ತದೆ, ಇರಲಿಲ್ಲ ಎಂದು ತೋರಿಸುವ ಹೊರೆ ನಿಮ್ಮದು. ಶಿಕ್ಷೆ 2 ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಆ 15 ದಿನದೊಳಗೆ ಹಣ ಕಟ್ಟಿ. ಆಗ ಅದು ಅಪರಾಧವೇ ಆಗುವುದಿಲ್ಲ.