‘ಸರ, ಒಂದು ಛಲೋ ರಾಡ್ ಹೇಳ್ರಿ’ ಅನ್ನೋರಿಗೆ

"ಸರ, ಫ್ಲೈ ಫಿಶಿಂಗ್ ಚಾಲೂ ಮಾಡ್ಬೇಕಂತೇನಿ. ಒಂದು ಛಲೋ ರಾಡ್ ಹೇಳ್ರಿ, ಬಾಕಿದ್ದು ನಾ ನೋಡ್ಕೋತೀನಿ."

ಬೆಳಗಾವಿಯವರಿರಲಿ, ವಿಜಯಪುರದವರಿರಲಿ, ಪ್ರಶ್ನೆ ಇದೇ ಮಾತಿನಲ್ಲಿ ಬರುತ್ತದೆ. ಉತ್ತರ ಮೊದಲೇ ಬರೆದುಬಿಡುತ್ತೇನೆ: ಒಂಬತ್ತು ಅಡಿಯ, ನಾಲ್ಕು ತುಂಡಿನ, 6 ನಂಬರಿನ, ಮೀಡಿಯಂ-ಫಾಸ್ಟ್ (ತೀರಾ ಬಿರುಸೂ ಅಲ್ಲ, ತೀರಾ ಬಳುಕೂ ಅಲ್ಲ) ರಾಡ್. ಯಾವ ಕಂಪನಿಯದಾದರೂ ನಡೆಯುತ್ತದೆ. ನನಗೆ ಸಿಟ್ಟು ಬರುವುದು ಆ ‘ಬಾಕಿದ್ದು’ ಎಂಬ ಮಾತಿಗೆ. ಬಾಕಿ ಎಂದು ಬದಿಗೆ ತಳ್ಳಿದ್ದರಲ್ಲೇ ಇಡೀ ಆಟ ಇರುವುದು.

ಎರೆಹುಳು ಸಿಕ್ಕಿಸಿ ಗಾಳ ಹಾಕುವಾಗ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ಅಂಥ ತೂಕವಿಲ್ಲ. ಅದು ಹುಳದಂತೆ ಕಾಣಲೆಂದು ಕೊಕ್ಕೆಗೆ ಸುತ್ತಿದ ನಾಲ್ಕು ಎಳೆ ಪುಕ್ಕ, ಒಂದಿಷ್ಟು ನೂಲು. ಅದನ್ನು ದೂರ ಒಯ್ಯುವುದು ಲೈನಿನ, ಅಂದರೆ ಪ್ಲಾಸ್ಟಿಕ್ ಲೇಪದ ದಪ್ಪ ದಾರದ, ತೂಕ. ರಾಡಿನ ಹಿಡಿಕೆಯ ಮೇಲೆ ಬರೆದ ನಂಬರ್ ಕೂಡ ಲೈನಿನದೇ ಲೆಕ್ಕ: 6 ಅಂದರೆ ಲೈನಿನ ಮುಂದಿನ 30 ಅಡಿ 160 ಗ್ರೇನ್, ಅಂದರೆ ಸುಮಾರು ಹತ್ತೂವರೆ ಗ್ರಾಂ ತೂಗಬೇಕು. 5ಕ್ಕೆ 140 ಗ್ರೇನ್, 8ಕ್ಕೆ 210. ಬಾರುಕೋಲಿನ ಕೋಲು ಎಷ್ಟೇ ಛಲೋ ಇರಲಿ, ಬಾರು ಇಲ್ಲದಿದ್ದರೆ ಅದು ಬರೀ ಕೋಲು. ಆದ್ದರಿಂದ ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ನಾಲ್ಕು ಲೈನಿಗೆ, ನಾಲ್ಕು ರಾಡಿಗೆ, ಎರಡು ರೀಲಿಗೆ. ಜನ ಮಾಡುವುದು ಉಲ್ಟಾ. ಏಳು ರೂಪಾಯಿ ರಾಡಿಗೆ ಸುರಿದು, ಲೈನ್ ‘ಯಾವುದಾದ್ರೂ ಒಂದು’ ಅನ್ನುತ್ತಾರೆ.

6 ಯಾಕೆ? ವಿಡಿಯೋಗಳಲ್ಲಿ 5 ಎಂದು ಹೇಳುವುದು ಟ್ರೌಟ್ ಮೀನಿಗೆ. ಅದು ಕಾಶ್ಮೀರ, ಹಿಮಾಚಲ, ನೀಲಗಿರಿಯ ತಣ್ಣೀರಿನದು. ನಮ್ಮ ಆಲಮಟ್ಟಿ ಹಿನ್ನೀರು, ಹಿಡಕಲ್, ನವಿಲುತೀರ್ಥದ ದಂಡೆಗಳು ಬಟಾಬಯಲು. ಮಳೆಗಾಲದ ಪಡುವಣ ಗಾಳಿಗೆ 5ರ ಲೈನ್ ಮಗುಚಿ ಬೀಳುತ್ತದೆ. 8 ತಗೊಂಡರೆ ಹೊಸಬರ ಭುಜ ಒಂದು ತಾಸಿಗೇ ಸೋಲುತ್ತದೆ.

ಈಗ ಯಾರೂ ಕೇಳದ, ಎಲ್ಲರೂ ಕೇಳಬೇಕಾದ ಪ್ರಶ್ನೆ: ನಮ್ಮ ಬಿಸಿಲಿಗೆ ಯಾವ ಲೈನ್ ತಡೀತೈತಿ? ಸಾಮಾನ್ಯವಾಗಿ ಮಾರುವ ಟ್ರೌಟ್ ಲೈನ್ ತಣ್ಣೀರಿಗಾಗಿ ಮಾಡಿದ್ದು, ಮೇಲಿನ ಪ್ಲಾಸ್ಟಿಕ್ ಲೇಪ ಮೆತ್ತಗಿರುತ್ತದೆ. ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ಅದು ಇನ್ನೂ ಮೆತ್ತಗಾಗಿ ಅಂಟಂಟಾಗುತ್ತದೆ, ರಾಡಿನ ಬಳೆಗಳಿಗೆ ಕಚ್ಚಿಕೊಳ್ಳುತ್ತದೆ, ಕೈಯಿಂದ ಬಿಟ್ಟರೂ ಮುಂದೆ ಓಡುವುದಿಲ್ಲ. ಎಸೆದವರು ‘ನನ್ನ ಕೈಯೇ ಸರಿಯಿಲ್ಲ’ ಎಂದುಕೊಳ್ಳುತ್ತಾರೆ. ಕೈ ಸರಿಯೇ ಇದೆ, ಲೈನ್ ಸರಿಯಿಲ್ಲ. ‘ಟ್ರಾಪಿಕಲ್’ ಅಥವಾ ‘ವಾರ್ಮ್ ವಾಟರ್’ ಎಂದು ಬರೆದದ್ದನ್ನೇ ಕೇಳಿ ತಗೊಳ್ಳಿ. ಅದರ ಒಳಎಳೆ, ಲೇಪ ಎರಡೂ ಗಡುಸು. ಡಬ್ಬಿಯ ಮೇಲೆ ‘ಡಬ್ಲ್ಯೂಎಫ್-6-ಎಫ್’ ಇರಬೇಕು: ಮುಂಭಾಗ ದಪ್ಪ, ನಂಬರ್ 6, ತೇಲುವಂಥದ್ದು. ಬೆಳಗಾವಿಯ ಡಿಸೆಂಬರ್ ಮುಂಜಾನೆ ಇದೇ ಲೈನ್ ಸುರುಳಿ ಹಿಡಿದುಕೊಂಡು ಬರುತ್ತದೆ. ಮಾರುದ್ದ ಮಾರುದ್ದ ಎರಡೂ ಕೈಯಲ್ಲಿ ಹಿಡಿದು ಜಗ್ಗಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ನೆಟ್ಟಗಾಗುತ್ತದೆ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಮುಲಾಮು, ಪೆಟ್ರೋಲ್ ಮುಟ್ಟಿದ ಕೈ ಲೈನಿಗೆ ತಾಗಬಾರದು, ಲೇಪ ಬಿರಿಯುತ್ತದೆ. ಹಿನ್ನೀರಿನ ಎರೆಮಣ್ಣಿನ ಸಣ್ಣ ಕೆಸರು ಅರದ ಹಾಗೆ ತಿಕ್ಕುತ್ತದೆ. ಮನೆಗೆ ಬಂದ ಮೇಲೆ ಸೋಪಿನ ನೀರಲ್ಲಿ ತೊಳೆದು ಹತ್ತಿ ಬಟ್ಟೆಯಲ್ಲಿ ಒರೆಸಿ.

ರೀಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಜಿಲೇಬಿ, ಗೆಂಡೆಯಂಥ ಮೀನಿಗೆ ಅದು ಲೈನ್ ಸುತ್ತಿಡುವ ಚಕ್ರ ಅಷ್ಟೆ. ಆದರೆ ತುಂಬುವಾಗ ಜೋಪಾನ. ಮೊದಲು 20 ಪೌಂಡ್ ಎಳೆತ ತಡೆಯುವ ಬ್ಯಾಕಿಂಗ್, ಅಂದರೆ ಲೈನಿನ ಹಿಂದೆ ಕಟ್ಟುವ ತೆಳು ದಾರ, ಅದರ ಮೇಲೆ ಲೈನ್. ಬ್ಯಾಕಿಂಗ್ ಎಷ್ಟು ಎಂದು ಅಂದಾಜು ಸಿಗದಿದ್ದರೆ ಉಲ್ಟಾ ಸುತ್ತಿ ನೋಡಿ: ಮೊದಲು ಲೈನ್, ಮೇಲೆ ಬ್ಯಾಕಿಂಗ್, ಅಂಚಿಗೆ ಮೂರ್ನಾಲ್ಕು ಮಿಲಿಮೀಟರ್ ಉಳಿದಾಗ ಕತ್ತರಿಸಿ, ಎಲ್ಲಾ ಬಿಚ್ಚಿ ಸರಿಯಾಗಿ ಸುತ್ತಿ. ಲೈನಿನ ಒಂದು ತುದಿಗೆ ‘ಇದು ರೀಲಿಗೆ’ ಎಂಬ ಚೀಟಿ ಇರುತ್ತದೆ. ಅದನ್ನು ಕಿತ್ತೆಸೆದು ತಿರುವುಮುರುವು ಕಟ್ಟಿದರೆ ದಪ್ಪ ಭಾಗ ಒಳಗೆ, ಸಪೂರ ಭಾಗ ಹೊರಗೆ. ಆಮೇಲೆ ಎಷ್ಟು ಎಸೆದರೂ ಕಾಲ ಬುಡಕ್ಕೇ ಬೀಳುತ್ತದೆ.

ಲೀಡರ್, ಅಂದರೆ ಲೈನಿನ ತುದಿಗೂ ಫ್ಲೈಗೂ ನಡುವೆ ಕಟ್ಟುವ ಸಪೂರ ದಾರ, ಕೊಳ್ಳಲೇಬೇಕೆಂದಿಲ್ಲ. ಗಾಳದ ಸಾಮಾನಿನ ಅಂಗಡಿಯ ನೈಲಾನ್ ಸಾಕು: 0.50 ಮಿಲಿಮೀಟರಿನದು ನಾಲ್ಕೂವರೆ ಅಡಿ, ಮುಂದೆ 0.40, 0.30, 0.20ರದು ಒಂದೂವರೆ ಅಡಿಯಂತೆ. ಒಟ್ಟು ಒಂಬತ್ತು ಅಡಿ. ಗಂಟನ್ನು ಬಿಗಿಯುವ ಮೊದಲು ಎಂಜಲು ಹಚ್ಚಿ. ಒಣ ನೈಲಾನ್ ತಿಕ್ಕಿ ಬಿಸಿಯಾಗಿ ಅಲ್ಲೇ ಸೋಲುತ್ತದೆ. ಎಸೆಯುತ್ತಾ ಎಸೆಯುತ್ತಾ ತಾನಾಗೇ ಬೀಳುವ ಸಣ್ಣ ಗಂಟುಗಳನ್ನೂ ನೋಡಿಕೊಳ್ಳಿ, ಅಂಥದೊಂದು ಬಿದ್ದರೆ ದಾರದ ಬಲ ಅರ್ಧದಷ್ಟಾಗುತ್ತದೆ.

ಫ್ಲೈ ಮೂರು ಬಗೆ ಸಾಕು. ಜಿಲೇಬಿಗೆ 12ರ ಕೊಕ್ಕೆಯ ನಿಂಫ್ (ನೀರೊಳಗಿನ ಹುಳದ ಮರಿಯಂಥದ್ದು), ಗೆಂಡೆಗೆ 8ರ ಕೊಕ್ಕೆಯ ಕಪ್ಪು ವೂಲಿ ಬಗ್ಗರ್ (ಬಾಲವಿರುವ ಪುಕ್ಕದ ಫ್ಲೈ), ದಂಡೆಯ ಹುಲ್ಲಿನ ಬದಿಗೆ ಫೋಮಿನ ಮಿಡತೆ. ಜವಾರಿ ಹುಂಜದ ಕುತ್ತಿಗೆ ಪುಕ್ಕದಿಂದ ಬಗ್ಗರ್ ನೀವೇ ಕಟ್ಟಬಹುದು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನಿನ ಬಾಯಿಂದಲೂ, ನಿಮ್ಮ ಕಿವಿಯಿಂದಲೂ ಸಲೀಸಾಗಿ ಬರುತ್ತದೆ. ಮುರ್ರೆಲ್ (ಹಾವಿನಂಥ ತಲೆಯ ಮೀನು) ಬೇಕೆನ್ನುವವರಿಗೆ ಒಂದು ಮಾತು. ನೀರ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಅಲ್ಲಿ ಎಸೆಯಬೇಡಿ. ತಂದೆತಾಯಿ ಮೀನುಗಳು ಕೆಳಗೆ ಕಾವಲಿರುತ್ತವೆ, ಫ್ಲೈಗೆ ಸಿಟ್ಟಿನಿಂದ ಬಾಯಿ ಹಾಕುತ್ತವೆ. ಅವನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಪಾಲು.

ನೀರಿಗೆ ಹೋಗುವ ಮೊದಲು ಹುಲ್ಲಿನ ಮೈದಾನದಲ್ಲಿ, ಕೊಕ್ಕೆಯ ಬದಲು ಉಲ್ಲನ್ ಚೂರು ಕಟ್ಟಿ 30 ಅಡಿ ಎಸೆದು ಕಲಿಯಿರಿ. ಕಲ್ಲುನೆಲ ಬೇಡ, ಲೇಪ ಕೆತ್ತಿಹೋಗುತ್ತದೆ. ಹಿಂದಕ್ಕೆ ಎಸೆದ ಲೈನ್ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯುವುದನ್ನು ಕೈ ಕಲಿಯಬೇಕು. ಬಲಗೈಯವರಾದರೆ ಗಾಳಿ ಎಡಗಡೆಯಿಂದ ಬರುವಂತೆ ನಿಲ್ಲಿ, ಇಲ್ಲದಿದ್ದರೆ ಕೊಕ್ಕೆ ಮುಖಕ್ಕೇ. ಟೋಪಿ, ಕನ್ನಡಕ ಇಲ್ಲದೆ ರಾಡ್ ಎತ್ತಲೇಬೇಡಿ. ದಂಡೆಯಲ್ಲಿ ಪಂಪ್‌ಸೆಟ್ಟಿನ ತಂತಿಗಳು ಕೆಳಗೆ ಜೋತಿರುತ್ತವೆ, ಕಾರ್ಬನ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ. ತಂತಿ ಕಂಡರೆ ಜಾಗ ಬದಲಿಸಿ, ಗುಡುಗಿದರೆ ರಾಡ್ ಕೆಳಗಿಡಿ. ನೀರಿಗಿಳಿಯುವ ಪ್ಯಾಂಟು, ಬೂಟು ಕೊಳ್ಳಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಹಿನ್ನೀರಿನ ಎರೆ ಮೊಣಕಾಲುಮಟ ನುಂಗುತ್ತದೆ. ದಂಡೆ ಮೇಲಿಂದಲೇ ಎಸೆಯಿರಿ.

ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಹೆಚ್ಚಾಗಿ ಗುತ್ತಿಗೆ ಹಿಡಿದವರದೋ ಮೀನುಗಾರರ ಸಂಘದ್ದೋ ಆಗಿರುತ್ತದೆ. ಅವರನ್ನು ಕೇಳಿಯೇ ಹೋಗಿ. ಕೇಳಿದರೆ ಬಲೆ ಎಲ್ಲಿ ಬಿಟ್ಟಿದ್ದಾರೆ ಎಂದೂ ತಿಳಿಯುತ್ತದೆ. ಸಿಕ್ಕಿಹಾಕಿಕೊಂಡರೆ ಕತ್ತರಿಸಬೇಕಾದ್ದು ನಿಮ್ಮ ಲೈನನ್ನು, ಅವರ ಬಲೆಯನ್ನಲ್ಲ.